‘ಅನಿಮಲ್ ಫಾರ್ಮ್’ ಓದಿ ನಮ್ಮ ಬಳಗದಲ್ಲಿ ಜಗಳವೇ ಆಯಿತು. ಯಾರ ಓದು ಸರಿ?

ಪ್ರಶ್ನೆ: ಶಿರಸಿಯಲ್ಲಿ ನಾವು ಹತ್ತು-ಹನ್ನೆರಡು ಜನ ತಿಂಗಳಿಗೊಮ್ಮೆ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಈ ಸಲ ಜಾರ್ಜ್ ಆರ್ವೆಲ್ ಬರೆದ ‘ಅನಿಮಲ್ ಫಾರ್ಮ್’. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ‘ಇದು ರಷ್ಯಾದ ಕಥೆ, ಸೋವಿಯತ್ ಒಕ್ಕೂಟವೇ ಹೋಯ್ತು, ಇನ್ನೇನಿದೆ’ ಎಂದರು. ಕಾಲೇಜು ಹುಡುಗನೊಬ್ಬ ‘ಬಡವರ ಹೋರಾಟಕ್ಕೆ ಮಸಿ ಬಳಿಯಲು ಬರೆದದ್ದು’ ಎಂದು ಸಿಟ್ಟಾದ. ಅಡಿಕೆ ತೋಟದವರೊಬ್ಬರು ‘ಇದು ನಮ್ಮ ಸೊಸೈಟಿ ಕಥೆಯೇ’ ಎಂದು ನಕ್ಕರು. ಇನ್ನೊಬ್ಬರು ‘ಒಳ್ಳೆಯವರು ಅಧ್ಯಕ್ಷರಾಗಿದ್ದರೆ ಹೀಗಾಗುತ್ತಿರಲಿಲ್ಲ’ ಎಂದರು. ಉಳಿದವರದ್ದೆಲ್ಲ ಒಂದೇ ಮಾತು: ‘ಕುರ್ಚಿ ಸಿಕ್ಕಿದ ಮೇಲೆ ಎಲ್ಲರೂ ಅಷ್ಟೇ.’ ಯಾರ ಓದು ಸರಿ? ನಾನು ಹೈಸ್ಕೂಲು ಶಿಕ್ಷಕಿ. ಇದನ್ನು ಮಕ್ಕಳಿಗೆ ಓದಿಸಬಹುದೇ?

ಉತ್ತರ: ಅಕ್ಕೋರೇ, ನಿಮ್ಮ ಬಳಗದಲ್ಲಿ ಎದ್ದ ಜಗಳ ಈ ಪುಸ್ತಕ ಅಚ್ಚಾಗುವ ಮೊದಲೇ ಶುರುವಾಗಿತ್ತು. ಹಸ್ತಪ್ರತಿ ಓದಿದ ಪ್ರಕಾಶಕರೇ ಒಬ್ಬೊಬ್ಬರು ಒಂದೊಂದು ಅಂದಿದ್ದರು. ಅದಕ್ಕೆ ಆಮೇಲೆ ಬರುತ್ತೇನೆ. ಓದದವರಿಗಾಗಿ ಮೊದಲು ಕಥೆ.

ಇಂಗ್ಲೆಂಡಿನ ಒಂದು ಹೊಲಮನೆ. ಕುಡುಕ ಯಜಮಾನ ಜೋನ್ಸ್ ಪ್ರಾಣಿಗಳಿಗೆ ಹೊಟ್ಟೆಗೆ ಹಾಕುವುದನ್ನೂ ಮರೆಯುತ್ತಾನೆ. ಅವು ಒಟ್ಟಾಗಿ ಅವನನ್ನು ಓಡಿಸುತ್ತವೆ. ಎಲ್ಲ ಪ್ರಾಣಿಗಳೂ ಸಮಾನ ಎಂಬುದೂ ಸೇರಿದ ಹಾಗೆ ಏಳು ಕಟ್ಟಳೆಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡುತ್ತವೆ. ಓದು-ಬರಹ ಬಲ್ಲ ಹಂದಿಗಳು ಉಸ್ತುವಾರಿ ವಹಿಸಿಕೊಳ್ಳುತ್ತವೆ. ಅವುಗಳಲ್ಲಿ ನೆಪೋಲಿಯನ್ ಎಂಬ ಹಂದಿ, ಸ್ನೋಬಾಲ್ ಎಂಬ ಇನ್ನೊಂದರ ಮೇಲೆ ನಾಯಿ ಛೂ ಬಿಟ್ಟು ಓಡಿಸಿ ತಾನೇ ದೊರೆಯಾಗುತ್ತದೆ. ಗೋಡೆಯ ಮೇಲಿನ ಕಟ್ಟಳೆಗಳು ಒಂದೊಂದಾಗಿ ಬದಲಾಗುತ್ತವೆ. ಕೊನೆಗೆ ಹಂದಿ ಯಾವುದು, ಮನುಷ್ಯ ಯಾರು ಅಂತ ಗುರುತು ಸಿಗದ ಹಾಗಾಗುತ್ತದೆ. ಹತ್ತು ಅಧ್ಯಾಯ. ಒಂದೇ ದಿನದಲ್ಲಿ ಓದಿ ಮುಗಿಸಬಹುದು.

ಬ್ಯಾಂಕಿನವರು ಹೇಳಿದ್ದು ಸುಳ್ಳಲ್ಲ. ಜೋನ್ಸ್ ಅಂದರೆ ಝಾರ್ ದೊರೆ, ನೆಪೋಲಿಯನ್ ಅಂದರೆ ಸೋವಿಯತ್ ಸರ್ವಾಧಿಕಾರಿ ಸ್ಟಾಲಿನ್, ಸ್ನೋಬಾಲ್ ಅಂದರೆ ಅವನು ದೇಶದಿಂದ ಹೊರಗಟ್ಟಿದ ಕ್ರಾಂತಿಯ ಮುಖಂಡ ಟ್ರಾಟ್ಸ್ಕಿ. ಕೊನೆಯಲ್ಲಿ ಹಂದಿಗಳೂ ಮನುಷ್ಯರೂ ಇಸ್ಪೀಟ್ ಆಡುವಾಗ ಇಬ್ಬರ ಕೈಯಲ್ಲೂ ಇಸ್ಪೀಟ್ ಎಕ್ಕ ಬಂದು ಜಗಳ ಆಗುತ್ತದಲ್ಲ, ಅದು 1943ರ ಟೆಹರಾನ್ ಸಮ್ಮೇಳನದ ನೆರಳು. ಸ್ಟಾಲಿನ್, ಚರ್ಚಿಲ್, ರೂಸ್‌ವೆಲ್ಟ್ ಕೈಕುಲುಕಿದ್ದನ್ನು ನೋಡಿ ಲೋಕವೆಲ್ಲ ಖುಷಿಪಟ್ಟಿತ್ತು. ಈ ಸ್ನೇಹ ಬಾಳುವುದಿಲ್ಲ ಅಂತ ಆರ್ವೆಲ್‌ಗೆ ಅನಿಸಿತ್ತು. ಈ ಹೋಲಿಕೆಯಲ್ಲಿ ಅವರು ಎಷ್ಟು ಕಟ್ಟುನಿಟ್ಟು ನೋಡಿ. ಪ್ರಾಣಿಗಳು ಕಷ್ಟಪಟ್ಟು ಕಟ್ಟಿದ ಗಾಳಿಗಿರಣಿಯನ್ನು ಶತ್ರುಗಳು ಸಿಡಿಸಿದಾಗ ಎಲ್ಲ ಪ್ರಾಣಿಗಳೂ ಹೆದರಿ ನೆಲಕ್ಕೆ ಬಿದ್ದವು ಎಂದು ಮೊದಲು ಬರೆದಿದ್ದರು. ಅಚ್ಚಿಗೆ ಹೋಗುವ ಮುಂಚೆ ‘ನೆಪೋಲಿಯನ್ ಒಬ್ಬನನ್ನು ಬಿಟ್ಟು’ ಎಂದು ಸೇರಿಸಿದರು. ಜರ್ಮನ್ನರು ಬಾಗಿಲಿಗೆ ಬಂದಾಗಲೂ ಸ್ಟಾಲಿನ್ ಮಾಸ್ಕೋ ಬಿಟ್ಟು ಓಡಿರಲಿಲ್ಲ, ಅವನಿಗೂ ಅನ್ಯಾಯ ಆಗಬಾರದು ಅಂತ.

ಪರೀಕ್ಷೆಯ ‘ಹೊಂದಿಸಿ ಬರೆಯಿರಿ’ಗೆ ಅಷ್ಟು ಸಾಕು. ಓದುವುದಕ್ಕೆ ಸಾಲದು. ಸೋವಿಯತ್ ಒಕ್ಕೂಟ ಮುಳುಗಿ ಹತ್ತು ವರ್ಷ ಆದ ಮೇಲೆ, 2001ರಲ್ಲಿ, ಜಿಂಬಾಬ್ವೆಯ ಪತ್ರಿಕೆಯೊಂದು ಈ ಕಥೆಯನ್ನು ಧಾರಾವಾಹಿಯಾಗಿ ಹಾಕಿತು. ಅಲ್ಲಿಯ ಓದುಗರಿಗೆ ಸ್ಟಾಲಿನ್ ನೆನಪಾಗಲಿಲ್ಲ. ಅವರಿಗೆ ಕಂಡದ್ದು ಆಗ ಅವರನ್ನು ಆಳುತ್ತಿದ್ದ ಮುಗಾಬೆ.

ಇನ್ನು ಆ ಹುಡುಗನ ಸಿಟ್ಟು. ಅವನನ್ನು ಬೈಯಬೇಡಿ, ಅದಕ್ಕೆ ಕಾರಣ ಇದೆ. 1954ರಲ್ಲಿ ಬಂದ ಇದರ ಕಾರ್ಟೂನ್ ಚಿತ್ರಕ್ಕೆ ಗುಟ್ಟಾಗಿ ಹಣ ಹಾಕಿದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ. ಕೊನೆಯನ್ನೂ ಬದಲಾಯಿಸಿದರು. ಚಿತ್ರದಲ್ಲಿ ಉಳಿದ ಪ್ರಾಣಿಗಳು ಹಂದಿಗಳ ವಿರುದ್ಧ ದಂಗೆ ಎದ್ದು ಗೆಲ್ಲುತ್ತವೆ. ಹಂದಿಗಳ ಜೊತೆ ಮೇಜಿಗೆ ಕೂತಿದ್ದ ಮನುಷ್ಯರು ಕೊನೆಯ ದೃಶ್ಯದಿಂದ ಮಾಯ! ಪುಸ್ತಕ ಬೈದದ್ದು ಇಬ್ಬರನ್ನೂ. ಚಿತ್ರ ಒಬ್ಬರನ್ನು ಬಿಟ್ಟುಕೊಟ್ಟಿತು. ಹುಡುಗನಿಗೆ ಆ ಕೊನೆ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ.

ಬರೆದವರು ಯಾರು ಅಂತಲೂ ಅವನಿಗೆ ಹೇಳಿ. ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಇಂಗ್ಲಿಷ್ ಮನುಷ್ಯ. ಬರ್ಮಾದಲ್ಲಿ ಬ್ರಿಟಿಷರ ಪೊಲೀಸ್ ಆಗಿದ್ದು, ಆ ಕೆಲಸಕ್ಕೆ ಹೇಸಿ ಬಿಟ್ಟವರು. ಸ್ಪೇನಿನಲ್ಲಿ ಫ್ಯಾಸಿಸ್ಟರ ವಿರುದ್ಧ ಬಂದೂಕು ಹಿಡಿದು ಗಂಟಲಿಗೆ ಗುಂಡು ತಿಂದರು. ಅಲ್ಲೇ ಸ್ಟಾಲಿನ್ ಕಡೆಯವರು ಇವರ ಸಂಗಾತಿಗಳನ್ನು ಹಿಡಿದು ಜೈಲಿಗೆ ಹಾಕತೊಡಗಿದಾಗ 1937ರಲ್ಲಿ ತಪ್ಪಿಸಿಕೊಂಡು ಬಂದರು. ಕೊನೆಯವರೆಗೂ ತಾನು ಸಮಾಜವಾದಿ ಅಂತಲೇ ಹೇಳಿಕೊಂಡರು. 1947ರಲ್ಲಿ ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿದ್ದ ಉಕ್ರೇನಿಯನ್ ಓದುಗರಿಗಾಗಿ ಅವರ ಭಾಷೆಯಲ್ಲಿ ಈ ಪುಸ್ತಕ ಬಂತು. ಅದಕ್ಕೆ ಆರ್ವೆಲ್ ಮುನ್ನುಡಿ ಬರೆದುಕೊಟ್ಟರು. ಆ ಪ್ರತಿಗಳಲ್ಲಿ ಬಹಳಷ್ಟನ್ನು ಅಮೆರಿಕನ್ ಸೇನೆಯೇ ಜಪ್ತಿ ಮಾಡಿ ಸೋವಿಯತ್ ಅಧಿಕಾರಿಗಳ ಕೈಗೆ ಒಪ್ಪಿಸಿತು. ಏಳು ವರ್ಷ ಕಳೆಯುವಷ್ಟರಲ್ಲಿ ಅದೇ ಅಮೆರಿಕ ಇದರ ಚಿತ್ರಕ್ಕೆ ದುಡ್ಡು ಸುರಿದಿತ್ತು. ಇದನ್ನು ಯಾರ ಕೈಯ ಅಸ್ತ್ರ ಅಂತ ಹೇಳುವುದು?

ಈಗ ‘ಒಳ್ಳೆಯವರು ಅಧ್ಯಕ್ಷರಾಗಿದ್ದರೆ’ ಅಂದವರ ಮಾತು. ಇದೇ ಮಾತನ್ನು 1944ರಲ್ಲಿ ಒಬ್ಬ ಮಹಾಕವಿ ಹೇಳಿದ್ದರು. ಟಿ. ಎಸ್. ಎಲಿಯಟ್ ಆಗ ಫೇಬರ್ ಪ್ರಕಾಶನದಲ್ಲಿದ್ದರು. ಹಸ್ತಪ್ರತಿ ವಾಪಸು ಕಳಿಸುತ್ತಾ ಬರೆದ ಪತ್ರದ ಸಾರ ಇಷ್ಟು: ನಿಮ್ಮ ಹಂದಿಗಳೇ ಎಲ್ಲರಿಗಿಂತ ಬುದ್ಧಿವಂತರು, ಹಾಗಾಗಿ ಆಳಲು ಅವರೇ ತಕ್ಕವರು. ಬೇಕಾಗಿದ್ದದ್ದು ಜನರ ಹಿತ ನೋಡುವ ಇನ್ನಷ್ಟು ಹಂದಿಗಳು. ಅದಕ್ಕೆ ಮೊದಲು ಜೊನಾಥನ್ ಕೇಪ್ ಪ್ರಕಾಶನದವರು ಒಪ್ಪಿಕೊಂಡು, ಸರ್ಕಾರಿ ಅಧಿಕಾರಿಯೊಬ್ಬರ ಮಾತು ಕೇಳಿ ಹಿಂದೆ ಸರಿದಿದ್ದರು. ಹಂದಿಯ ಬದಲು ಬೇರೆ ಪ್ರಾಣಿ ಇದ್ದರೆ ರಷ್ಯನ್ನರಿಗೆ ಅಷ್ಟು ಬೇಸರ ಆಗಲಿಕ್ಕಿಲ್ಲ ಅಂತ ಆ ಪ್ರಕಾಶಕರ ಸಲಹೆ! ಯುದ್ಧದಲ್ಲಿ ರಷ್ಯಾ ಬ್ರಿಟನ್ನಿನ ಜೊತೆಗಿತ್ತಲ್ಲ. ಪುಸ್ತಕ ಬಂದದ್ದು ಯುದ್ಧ ಮುಗಿದ ಮೇಲೆ, 1945ರ ಆಗಸ್ಟ್ 17ಕ್ಕೆ.

ಎಲಿಯಟ್ ದೊಡ್ಡ ಕವಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಪುಸ್ತಕದ ಮಟ್ಟಿಗೆ ಅವರು ಓದಿದ್ದು ತಪ್ಪು ಅಂತಲೇ ನಾನು ಹೇಳುವುದು. ಯಾಕೆ ಅಂತ ತಿಳಿಯಲು ಎರಡನೇ ಅಧ್ಯಾಯದ ಕೊನೆಗೆ ಹೋಗಿ. ಇಡೀ ಪುಸ್ತಕದ ಜೀವ ಅಲ್ಲಿದೆ.

ಜೋನ್ಸ್ ಓಡಿಹೋಗಿದ್ದಾನೆ. ಹಸುಗಳ ಕೆಚ್ಚಲು ಬಿಗಿದಿದೆ. ಹಂದಿಗಳು ಹೇಗೋ ಹಾಲು ಕರೆಯುತ್ತವೆ. ಐದು ಬಕೆಟ್ ನೊರೆಹಾಲು. ಎಲ್ಲರ ಕಣ್ಣೂ ಅದರ ಮೇಲೆ. ‘ಇಷ್ಟು ಹಾಲು ಏನು ಮಾಡುವುದು?’ ಅಂತ ಯಾರೋ ಕೇಳುತ್ತಾರೆ. ನೆಪೋಲಿಯನ್ ಬಕೆಟ್‌ಗಳ ಮುಂದೆ ಬಂದು ನಿಂತು, ಹಾಲಿನ ಚಿಂತೆ ಬಿಡಿ, ಕೊಯ್ಲು ಮುಖ್ಯ, ನಡೆಯಿರಿ, ನಾನು ಹಿಂದಿನಿಂದ ಬರುತ್ತೇನೆ ಅನ್ನುತ್ತಾನೆ. ಎಲ್ಲರೂ ಗದ್ದೆಗೆ ಹೋಗುತ್ತಾರೆ. ಸಂಜೆ ಬಂದು ನೋಡಿದರೆ ಹಾಲಿಲ್ಲ. ಅಧ್ಯಾಯ ಅಲ್ಲಿಗೆ ಮುಗಿಯಿತು. ಯಾರೂ ಏನೂ ಕೇಳಲಿಲ್ಲ.

ಮುಂದಿನ ಅಧ್ಯಾಯದಲ್ಲಿ ಗೊತ್ತಾಗುತ್ತದೆ, ಹಾಲು ದಿನಾ ಹಂದಿಗಳ ಅಕ್ಕಚ್ಚಿಗೆ ಹೋಗುತ್ತಿದೆ. ಆಮೇಲೆ ಗಾಳಿಗೆ ಉದುರಿದ ಸೇಬುಗಳೂ ಹಂದಿಗಳಿಗೇ ಅಂತ ಆದೇಶ ಬರುತ್ತದೆ. ಕೆಲವು ಪ್ರಾಣಿಗಳು ಗೊಣಗುತ್ತವೆ. ಆಗ ಸ್ಕ್ವೀಲರ್ ಎಂಬ ಮಾತಿನ ಮಲ್ಲ ಹಂದಿಯನ್ನು ಕಳಿಸುತ್ತಾರೆ. ಅವನ ವಾದ ಕೇಳಿ. ನಮ್ಮಲ್ಲಿ ಎಷ್ಟೋ ಜನರಿಗೆ ಹಾಲು, ಸೇಬು ಸೇರುವುದೇ ಇಲ್ಲ. ಆದರೂ ನಿಮಗಾಗಿ ತಿನ್ನುತ್ತೇವೆ. ತಲೆ ಉಪಯೋಗಿಸುವವರಿಗೆ ಅದು ಬೇಕು ಅಂತ ವಿಜ್ಞಾನ ಹೇಳಿದೆ. ನಾವು ಸೋತರೆ ಜೋನ್ಸ್ ವಾಪಸು ಬರುತ್ತಾನೆ. ಜೋನ್ಸ್ ಬರುವುದು ನಿಮಗೆ ಬೇಕಾ?

ತಾಳಮದ್ದಳೆ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಈ ಸ್ಕ್ವೀಲರ್ ಬಹಳ ಇಷ್ಟ ಆಗುತ್ತಾನೆ, ಗಮನಿಸಿದ್ದೀರಾ? ಒಬ್ಬ ಪಳಗಿದ ಅರ್ಥಧಾರಿ ಕೌರವನ ಪಕ್ಷ ಹಿಡಿದರೂ ಸರಿ, ಕೃಷ್ಣನನ್ನೇ ಕಟ್ಟಿಹಾಕುತ್ತಾನೆ. ಸಭೆ ತಲೆದೂಗುತ್ತದೆ. ವ್ಯತ್ಯಾಸ ಇಷ್ಟೇ: ತಾಳಮದ್ದಳೆಯಲ್ಲಿ ಎದುರಿಗೆ ಇನ್ನೊಬ್ಬ ಅರ್ಥಧಾರಿ ಕೂತಿರುತ್ತಾನೆ. ಹೊಲಮನೆಯಲ್ಲಿ ಸ್ಕ್ವೀಲರ್‌ನ ಎದುರು ಯಾರೂ ಇಲ್ಲ.

ಇದೇ ಪುಟದಲ್ಲಿ ಅವಸರದ ಓದುಗರು ದಾಟಿಹೋಗುವ ಒಂದು ಸಾಲಿದೆ. ಸೇಬಿನ ವಿಷಯದಲ್ಲಿ ಎಲ್ಲ ಹಂದಿಗಳೂ ಒಪ್ಪಿದವು, ನೆಪೋಲಿಯನ್ ಮತ್ತು ಸ್ನೋಬಾಲ್ ಕೂಡ. ಮಿಕ್ಕ ಎಲ್ಲದಕ್ಕೂ ಕಚ್ಚಾಡುವ ಈ ಇಬ್ಬರು ಇಲ್ಲಿ ಮಾತ್ರ ಒಂದು! ‘ಸ್ನೋಬಾಲ್ ಇದ್ದಿದ್ದರೆ ಚೆನ್ನಾಗಿರುತ್ತಿತ್ತು’ ಅನ್ನುವವರಿಗೆ ಆರ್ವೆಲ್ ಮೊದಲೇ ಉತ್ತರ ಕೊಟ್ಟಿದ್ದಾರೆ. ಅಮೆರಿಕದ ಗೆಳೆಯ ಡ್ವೈಟ್ ಮ್ಯಾಕ್‌ಡೊನಾಲ್ಡ್‌ಗೆ 1946ರ ಡಿಸೆಂಬರಿನಲ್ಲಿ ಬರೆದ ಪತ್ರದಲ್ಲಿ ಇದನ್ನು ಬಿಡಿಸಿಯೇ ಹೇಳಿದರು. ಕಥೆ ತಿರುಗುವುದು ಹಂದಿಗಳು ಹಾಲು, ಸೇಬು ಇಟ್ಟುಕೊಂಡಾಗ. ಆಗಲೇ ಉಳಿದವರು ತಡೆದಿದ್ದರೆ ಎಲ್ಲ ಸರಿ ಇರುತ್ತಿತ್ತು. ಕೆಲಸ ಮುಗಿದ ಕೂಡಲೇ ಮುಖಂಡರನ್ನು ಇಳಿಸಲು ಜನರಿಗೆ ಗೊತ್ತಿರಬೇಕು. ಒಳ್ಳೆಯ ಸರ್ವಾಧಿಕಾರಿ ಅಂತ ಯಾರೂ ಇಲ್ಲ. ಇದಿಷ್ಟು ಅವರ ಮಾತಿನ ತಾತ್ಪರ್ಯ.

ಹಾಗಾದರೆ ತೋಟದವರ ‘ನಮ್ಮ ಸೊಸೈಟಿ ಕಥೆ’? ನನಗೆ ನಿಮ್ಮ ಬಳಗದಲ್ಲಿ ಎಲ್ಲಕ್ಕಿಂತ ಹತ್ತಿರದ ಓದು ಇದೇ ಅನಿಸುತ್ತದೆ. ನಮ್ಮ ಜಿಲ್ಲೆಯಲ್ಲಿ ಅಡಿಕೆ ಬೆಳೆಗಾರನ ಬದುಕು ಸೊಸೈಟಿಗೆ ಅಂಟಿಕೊಂಡೇ ಇರುತ್ತದೆ. ಬೆಳೆಸಾಲ, ಗೊಬ್ಬರ, ಅಡಿಕೆ ವಿಕ್ರಿ, ಮದುವೆಗೆ ಬೇಕಾದ ಸಕ್ಕರೆಯವರೆಗೂ ಅಲ್ಲೇ. ಹೆಚ್ಚಿನವು ಚೆನ್ನಾಗಿಯೇ ನಡೆದುಕೊಂಡು ಬಂದಿವೆ. ನಾನು ಸದಸ್ಯನಾಗಿದ್ದ ಒಂದು ಸಂಘದ ವಿಷಯ ಮಾತ್ರ ಹೇಳುತ್ತೇನೆ, ಹೆಸರು ಬೇಡ. ವಾರ್ಷಿಕ ಮಹಾಸಭೆ. ಕಾರ್ಯದರ್ಶಿ ಜಮಾ-ಖರ್ಚು ಓದುತ್ತಾರೆ. ಓದುವ ವೇಗ ಎಷ್ಟೆಂದರೆ ಅಂಕಿ ಯಾವುದು, ಅಕ್ಷರ ಯಾವುದು ತಿಳಿಯುವುದಿಲ್ಲ. ಒಂದೊಂದು ಬಾಬ್ತು ಮುಗಿದಾಗಲೂ ಮುಂದಿನ ಎರಡು ಸಾಲಿನಿಂದ ‘ಮಂಜೂರ್, ಮಂಜೂರ್’. ಹಿಂದಿನಿಂದ ಅಡುಗೆಯ ಪರಿಮಳ. ಒಬ್ಬರು ಎದ್ದು ‘ಅಧ್ಯಕ್ಷರ ವಾಹನದ ಖರ್ಚು ಹೋದ ವರ್ಷ ಠರಾವಿನಲ್ಲಿ ಇರಲಿಲ್ಲವಲ್ಲ?’ ಅಂದರು. ನಡಾವಳಿ ಪುಸ್ತಕ ತರಿಸಿದರು. ಪುಸ್ತಕದಲ್ಲಿ ಇತ್ತು! ಕೊನೆಯ ಸಾಲಿನ ಕೆಳಗೆ, ಸಹಿಯ ಮೇಲೆ, ಇಕ್ಕಟ್ಟಿನಲ್ಲಿ ಸೇರಿಸಿದ ಸಣ್ಣ ಅಕ್ಷರದಲ್ಲಿ. ಕೇಳಿದವರಿಗೇ ‘ನಾನೇ ಮರೆತಿದ್ದೆನೇನೋ’ ಅನಿಸಿತು, ಕೂತುಬಿಟ್ಟರು. ಆಮೇಲೆ ಊಟ.

ಹೊಲಮನೆಯಲ್ಲಿ ಆಗುವುದೂ ಇದೇ. ಯಾವ ಪ್ರಾಣಿಯೂ ಹಾಸಿಗೆಯಲ್ಲಿ ಮಲಗಬಾರದು ಎಂಬ ಕಟ್ಟಳೆ ಇತ್ತು. ಹಂದಿಗಳು ಮನೆಯೊಳಗೆ ಮಂಚ ಹತ್ತಿದ ಸುದ್ದಿ ಬಂದಾಗ ಕ್ಲೋವರ್ ಎಂಬ ಹೆಣ್ಣು ಕುದುರೆ ಗೋಡೆ ನೋಡಲು ಹೋಗುತ್ತಾಳೆ. ಅವಳಿಗೆ ಓದು ಸರಿಯಾಗಿ ಬಾರದು. ಮ್ಯೂರಿಯಲ್ ಎಂಬ ಆಡಿನಿಂದ ಓದಿಸುತ್ತಾಳೆ. ‘ಮೇಲುಹಾಸು ಹಾಕಿದ ಹಾಸಿಗೆ’ ಅಂತ ಗೋಡೆಯಲ್ಲಿದೆ. ಕ್ಲೋವರ್‌ಗೆ ಆ ಮೇಲುಹಾಸಿನ ನೆನಪಿಲ್ಲ. ಆದರೆ ಗೋಡೆಯಲ್ಲಿ ಬರೆದಿದೆ ಅಂದಮೇಲೆ ಇದ್ದಿರಲೇಬೇಕು ಅಂದುಕೊಳ್ಳುತ್ತಾಳೆ.

ಆದರೆ ಈ ಓದಿನಲ್ಲಿ ಒಂದು ಅಪಾಯವೂ ಇದೆ. ಹಂದಿಗೆ ಹೆಸರು ಅಂಟಿಸಿದ ಕೂಡಲೇ ಓದುವವನಿಗೆ ನಿರಾಳ. ಎಲ್ಲರೂ ತಮಗೆ ಆಗದವರ ಮುಖವನ್ನೇ ನೆಪೋಲಿಯನ್‌ಗೆ ಹಾಕುತ್ತಾರೆ. ಆಳುವ ಪಕ್ಷದವರಿಗೆ ಅವನು ಹಿಂದೆ ಆಳಿದವ, ವಿರೋಧ ಪಕ್ಷದವರಿಗೆ ಈಗ ಆಳುವವ. 2010ರಲ್ಲಿ ನಮ್ಮ ಅಂಕೋಲಾದ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರು ಮಾಯವಾಯಿತು. ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ರಾಜೀನಾಮೆ ಕೊಡುವವರೆಗೆ ಹೋಯಿತು, ಆಮೇಲೆ ವಾಪಸು ಪಡೆದರು. ಆಗ ಎಲ್ಲರ ಬಾಯಲ್ಲೂ ಇದ್ದ ಪ್ರಶ್ನೆ ‘ತಿಂದವರು ಯಾರು’ ಅಂತ. ಕೇಳಲೇಬೇಕಾದ ಪ್ರಶ್ನೆಯೇ. ಆದರೆ ಅದಿರು ಗಾಳಿಯಲ್ಲಿ ಹಾರಿ ಹೋಗಿರಲಿಲ್ಲ. ಅಷ್ಟು ದೊಡ್ಡ ಗುಡ್ಡೆ ಕರಗುವುದನ್ನು ಕಣ್ಣಾರೆ ಕಂಡವರು ಎಷ್ಟು ಜನ ಇರಬೇಕು? ಹಂದಿಗಳು ಹೇಳಿಕೊಟ್ಟದ್ದನ್ನೇ ಅರಚುವ ಕುರಿಗಳೂ ಕಥೆಯಲ್ಲಿವೆ. ‘ನಾನು ಆ ಕಥೆಯಲ್ಲಿ ಕುರಿ’ ಅಂತ ಹೇಳಿದ ಓದುಗರು ನನಗೆ ಇದುವರೆಗೆ ಸಿಕ್ಕಿಲ್ಲ.

ನಿಮ್ಮಲ್ಲಿ ಹೆಚ್ಚಿನವರು ಹೇಳಿದ ‘ಎಲ್ಲರೂ ಅಷ್ಟೇ’ ಇದಕ್ಕೇ ತಾಗಿಕೊಂಡಿದೆ. ಈ ಪುಸ್ತಕಕ್ಕೆ ಬಹಳ ಕಡೆ ಸಿಗುವ ಪ್ರತಿಕ್ರಿಯೆ ಇದು. ನನಗೆ ಇದನ್ನು ಕೇಳಿದರೆ ಸಿಟ್ಟು ಬರುತ್ತದೆ, ಹೇಳಿಬಿಡುತ್ತೇನೆ. ಯಾಕೆಂದರೆ ಈ ಮಾತು ಪುಸ್ತಕದಲ್ಲೇ ಇದೆ, ಒಂದು ಪಾತ್ರದ ಬಾಯಲ್ಲಿ. ಬೆಂಜಮಿನ್ ಎಂಬ ಮುದಿ ಕತ್ತೆ. ಗಾಳಿಗಿರಣಿ ಬರಲಿ ಬಿಡಲಿ, ಬದುಕು ಯಾವಾಗಲೂ ಇದ್ದ ಹಾಗೇ ಕೆಟ್ಟದಾಗಿಯೇ ಇರುತ್ತದೆ ಅನ್ನುತ್ತದೆ. ಕೇಳಲು ಬಹಳ ತಿಳಿದವರ ಮಾತಿನ ಹಾಗಿದೆ ಅಲ್ವಾ? ಇನ್ನೂ ಒಂದು ವಿಷಯ: ಬೆಂಜಮಿನ್‌ಗೆ ಹಂದಿಗಳಷ್ಟೇ ಚೆನ್ನಾಗಿ ಓದಲು ಬರುತ್ತದೆ. ಯಾವ ಪ್ರಾಣಿಯೂ ಇನ್ನೊಂದನ್ನು ಕೊಲ್ಲಬಾರದು ಎಂಬ ಕಟ್ಟಳೆ ಏನಾಗಿದೆ ಓದಿ ಹೇಳು ಅಂತ ಕ್ಲೋವರ್ ಕೇಳಿದಾಗ, ಇಂಥದ್ದಕ್ಕೆಲ್ಲ ತಾನು ತಲೆ ಹಾಕುವುದಿಲ್ಲ ಅಂತ ಸುಮ್ನೆ ಇರುತ್ತದೆ.

ಅದರ ಗೆಳೆಯ ಬಾಕ್ಸರ್ ಎಂಬ ದೈತ್ಯ ಕುದುರೆ. ‘ಇನ್ನೂ ಹೆಚ್ಚು ದುಡಿಯುತ್ತೇನೆ’ ಅನ್ನುವುದೇ ಅವನ ಮಂತ್ರ. ದುಡಿದು ದುಡಿದು ಬಿದ್ದಾಗ ಆಸ್ಪತ್ರೆಗೆ ಕಳಿಸುತ್ತೇವೆ ಅಂತ ಹಂದಿಗಳು ಗಾಡಿ ತರಿಸುತ್ತವೆ. ಎಲ್ಲರೂ ಸುತ್ತ ನಿಂತು ‘ಹೋಗಿ ಬಾ ಬಾಕ್ಸರ್’ ಅನ್ನುತ್ತಿದ್ದಾರೆ. ಆಗ ಬೆಂಜಮಿನ್ ಹುಚ್ಚು ಹಿಡಿದ ಹಾಗೆ ನೆಲ ಒದೆಯುತ್ತಾ ಕೂಗುತ್ತದೆ: ಮೂರ್ಖರೇ, ಗಾಡಿಯ ಮೇಲೆ ಬರೆದದ್ದು ಕಾಣುವುದಿಲ್ಲವೇ! ಅದು ಕುದುರೆ ಕಡಿಯುವವನ ಗಾಡಿ. ಜೀವಮಾನದಲ್ಲಿ ಮೊದಲ ಸಲ ಕತ್ತೆ ಎಲ್ಲರಿಗಾಗಿ ಓದಿತು. ಅಷ್ಟು ಹೊತ್ತಿಗೆ ಗಾಡಿ ಹೊರಟಿತ್ತು. ಒಳಗಿಂದ ಬಾಕ್ಸರ್ ಬಾಗಿಲಿಗೆ ಒದೆಯುವ ಸದ್ದು ಕೇಳುತ್ತದೆ. ಒಂದು ಕಾಲದಲ್ಲಿ ನಾಲ್ಕು ಒದೆತಕ್ಕೆ ಮುರಿಯುತ್ತಿದ್ದ ಬಾಗಿಲು. ಈಗ ಶಕ್ತಿ ಇಲ್ಲ. ಕತ್ತೆಯ ಜಾಣತನಕ್ಕೆ ಇಡೀ ಪುಸ್ತಕದಲ್ಲಿ ಸಿಕ್ಕ ಫಲ ಇದು. ಇದನ್ನು ಓದಿಯೂ ‘ಎಲ್ಲರೂ ಅಷ್ಟೇ’ ಅಂದರೆ, ಓದಿದ್ದೇನು?

ಮತ್ತೆ, ನಮ್ಮ ಜಿಲ್ಲೆಯಲ್ಲಿ ಕೂತು ‘ಏನು ಮಾಡಿದರೂ ಏನೂ ಬದಲಾಗುವುದಿಲ್ಲ’ ಅನ್ನುವುದು ಸುಳ್ಳು ಕೂಡ. 1930ರ ದಶಕದ ಶುರುವಿನಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಕರ ಕೊಡುವುದಿಲ್ಲ ಅಂತ ನಿಂತು ಹೊಲ-ಮನೆ ಕಳೆದುಕೊಂಡರು. ಆಮೇಲೆ ಗೇಣಿದಾರರ ಹೋರಾಟ ಬಂತು. ರೈತರನ್ನು ಸಂಘಟಿಸಿದ್ದಕ್ಕೆ ದಿನಕರ ದೇಸಾಯಿಯವರನ್ನು ಬ್ರಿಟಿಷ್ ಸರ್ಕಾರ ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. 1974ರ ಭೂಸುಧಾರಣೆ ಕಾನೂನು ಬಂದ ಮೇಲೆ ಗೇಣಿ ಅಳೆಯುತ್ತಿದ್ದವರು ಅದೇ ಗದ್ದೆಯ ಒಡೆಯರಾದರು. ಗಾಳಿಗಿರಣಿ ಬಂದರೂ ಬಾರದಿದ್ದರೂ ಒಂದೇ ಅನ್ನುವವರು ಕುಮಟಾ, ಹೊನ್ನಾವರದ ಕಡೆ ಹೋಗಿ ಅಂಥ ಮನೆಯಲ್ಲಿ ಒಂದು ಲೋಟ ಚಾ ಕುಡಿದು ಬರಲಿ.

ಅದೇ ಕಾನೂನಿನಲ್ಲಿ ಇನ್ನೊಂದು ಮಗ್ಗುಲೂ ಇತ್ತು. ಭೂಮಿ ತಾನಾಗಿ ಬರಲಿಲ್ಲ. ಗೇಣಿದಾರ ಏಳನೇ ನಂಬರಿನ ಫಾರಂ ತುಂಬಿ ಕೊಡಬೇಕಿತ್ತು. ನಮ್ಮವರು ‘ಡಿಕ್ಲರೇಷನ್ ಕೊಡುವುದು’ ಅನ್ನುತ್ತಿದ್ದರು. ಆಮೇಲೆ ಭೂನ್ಯಾಯ ಮಂಡಳಿಯ ಮುಂದೆ ನಿಂತು ಹೇಳಬೇಕಿತ್ತು. ಕೊಟ್ಟವರಿಗೆ ಸಿಕ್ಕಿತು. ‘ಒಡೆಯರು ನಮಗೆ ಅನ್ಯಾಯ ಮಾಡುವವರಲ್ಲ, ಅವರ ಮುಖ ನೋಡಿ ಹೇಗೆ ಬರೆದುಕೊಡುವುದು’ ಅಂತ ದಾಕ್ಷಿಣ್ಯಕ್ಕೆ ಬಿದ್ದು ಕೊಡದೇ ಕೂತವರೂ ಇದ್ದರು. ‘ನೆಪೋಲಿಯನ್ ಹೇಳಿದ್ದು ಯಾವಾಗಲೂ ಸರಿ’ ಅನ್ನುತ್ತಾ ದುಡಿದ ಬಾಕ್ಸರ್ ನನಗೆ ಹೊರಗಿನವನು ಅಂತ ಅನಿಸುವುದೇ ಇಲ್ಲ.

ಯಾರ ಓದು ಸರಿ ಅಂದಿರಿ. ರಷ್ಯಾ ಅಂದವರದ್ದು ಸರಿ, ಆದರೆ ಅರ್ಧಕ್ಕೇ ನಿಂತಿದೆ. ಹುಡುಗನ ಅನುಮಾನ ಚಿತ್ರಕ್ಕೆ ಸಲ್ಲುತ್ತದೆ, ಪುಸ್ತಕಕ್ಕೆ ಸಲ್ಲುವುದಿಲ್ಲ. ಸೊಸೈಟಿ ಅಂದವರು ಮುಂದಿನ ಮಹಾಸಭೆಯಲ್ಲಿ ಎದ್ದು ನಿಂತರೆ ಪೂರ್ತಿ ಸರಿ. ಉಳಿದ ಎರಡನ್ನು ನಾನು ಒಪ್ಪುವುದಿಲ್ಲ.

ಮುಂದಿನ ಸಲ ಸೇರಿದಾಗ ಹೀಗೆ ಮಾಡಿ ನೋಡಿ. ಸೇಬಿನ ಪ್ರಸಂಗವನ್ನು ತಾಳಮದ್ದಳೆಯ ಹಾಗೆ ಕೂತು ಮಾತಾಡಿ. ನಿಮ್ಮಲ್ಲಿ ಚೆನ್ನಾಗಿ ವಾದಿಸುವವರು ಸ್ಕ್ವೀಲರ್ ಆಗಲಿ. ‘ಎಲ್ಲರೂ ಅಷ್ಟೇ’ ಅಂದವರನ್ನೇ ಎದುರಿಗೆ ಕೂರಿಸಿ, ಹಾಲು ಎಲ್ಲಿ ಅಂತ ಅವರೇ ಕೇಳಬೇಕು. ಜೋನ್ಸ್ ವಾಪಸು ಬರುತ್ತಾನೆ ಅಂದಾಗ ಏನು ಉತ್ತರ ಕೊಡುತ್ತಾರೆ ನೋಡೋಣ. ಅದು ಅಷ್ಟು ಸುಲಭ ಇಲ್ಲ.

ಮಕ್ಕಳಿಗೆ ಖಂಡಿತ ಓದಿಸಿ. ಒಂಬತ್ತನೇ ತರಗತಿಯವರಿಗೆ ಧಾರಾಳವಾಗಿ ಅರ್ಥ ಆಗುತ್ತದೆ. ಯಾರು ಸ್ಟಾಲಿನ್, ಯಾರು ಟ್ರಾಟ್ಸ್ಕಿ ಎಂಬ ಪಟ್ಟಿಯನ್ನು ಮೊದಲ ದಿನವೇ ಹಲಗೆಯ ಮೇಲೆ ಬರೆಯಬೇಡಿ, ಅಲ್ಲಿಗೆ ಕಥೆ ಸತ್ತುಹೋಗುತ್ತದೆ. ಎರಡನೇ ಅಧ್ಯಾಯ ಮುಗಿದ ಕೂಡಲೇ ಪುಸ್ತಕ ಮುಚ್ಚಿಸಿ, ಹಾಲು ಯಾರು ಕುಡಿದರು ಅಂತ ಕೇಳಿ. ಗಣಪತಿ ಹಬ್ಬದ ಚಂದಾ ಲೆಕ್ಕ, ಕ್ಲಾಸ್ ಲೀಡರ್, ಬಿಸಿಯೂಟದ ಸಾಲು ಎಲ್ಲ ತಾನಾಗಿ ಹೊರಗೆ ಬರುತ್ತದೆ. ಏಳನೇ ಅಧ್ಯಾಯದಲ್ಲಿ ಪ್ರಾಣಿಗಳು ಮಾಡದ ತಪ್ಪನ್ನು ಒಪ್ಪಿಕೊಳ್ಳುತ್ತವೆ, ನಾಯಿಗಳು ಅಲ್ಲೇ ಅವನ್ನು ಕೊಲ್ಲುತ್ತವೆ. ಅದು ಚಿಕ್ಕವರಿಗೆ ಜಾಸ್ತಿಯೇ ತಟ್ಟುತ್ತದೆ. ಅದನ್ನು ಮನೆಗೆ ಕೊಟ್ಟು ಕಳಿಸಬೇಡಿ, ತರಗತಿಯಲ್ಲಿ ನೀವೇ ಓದಿ.